ಒಂದು ‘ಡಿಟ್ಟೋ’ ಗುರುತು, ಆರು ವರ್ಷದ ಅಲೆದಾಟ: ಹವಾಲ್ದಾರರೊಬ್ಬರ ಡಿಸೆಬಿಲಿಟಿ ಪೆನ್ಷನ್ ಪ್ರಕರಣ

ಹವಾಲ್ದಾರರ ಹೆಸರು, ಪಲ್ಟನ್, ಹಳ್ಳಿ ಯಾವುದನ್ನೂ ಬರೆಯುತ್ತಿಲ್ಲ. ಹಾವೇರಿ ಕಡೆಯವರು, ಇನ್‌ಫೆಂಟ್ರಿಯಲ್ಲಿ 24 ವರ್ಷ ದುಡಿದವರು ಅಂದರೆ ಸಾಕು. ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದು, ನಾಯಬ್ ಸುಬೇದಾರ್ ಆಗಿ ಹೊರಬಂದವನು. ಈಗ ಮಾಜಿ ಸೈನಿಕರ ಕಾಗದಪತ್ರ ನೋಡಿಕೊಡುತ್ತೇನೆ. ದುಡ್ಡಿಗಲ್ಲ. ಮನೆಯಲ್ಲಿ ಸುಮ್ನೆ ಕೂತರೆ ಹೊತ್ತು ಹೋಗಲ್ಲ.

2022ರ ಜೂನ್‌ನಲ್ಲಿ ಅವರು ನನ್ನ ಹತ್ತಿರ ಬಂದದ್ದು ಬೇರೆ ಕೆಲಸಕ್ಕೆ. ಪೆನ್ಷನ್ ಸ್ಪರ್ಶ್‌ಗೆ (ರಕ್ಷಣಾ ಇಲಾಖೆಯ ಆನ್‌ಲೈನ್ ಪೆನ್ಷನ್ ವ್ಯವಸ್ಥೆ) ಬದಲಾಗಿದೆ ಅಂತ ಮೊಬೈಲಿಗೆ ಮೆಸೇಜ್ ಬಂದಿತ್ತು, ಅದೇನು ನೋಡಿ ಹೇಳ್ರಿ ಅಂತ. ಪ್ಲಾಸ್ಟಿಕ್ ಕವರಿನಿಂದ ಪಿಪಿಓ (ಪೆನ್ಷನ್ ಮಂಜೂರಾತಿ ಆದೇಶ) ತೆಗೆಯುವಾಗ ಅದರ ಜೊತೆ ಎರಡು ಪತ್ರ ಈಚೆ ಬಂದವು. ಮಡಿಕೆ ಬಿದ್ದ ಜಾಗ ಹರಿಯುವ ಹಂತಕ್ಕೆ ಬಂದಿತ್ತು.

‘ಇವೇನು?’ ಅಂದೆ.

‘ಅದು ಆಗ್ಲಿಲ್ರಿ ಸಾಬ್, ಬಿಡ್ರಿ. ಪರ್ಸೆಂಟೇಜ್ ಕಡಿಮಿ ಆತಂತ.’

ಪತ್ರ ಓದಿದೆ. ಪರ್ಸೆಂಟೇಜ್ ಕಡಿಮೆ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ನಾಲ್ಕು ವರ್ಷ ಅವರು ತಪ್ಪು ಕಾರಣ ನಂಬಿಕೊಂಡು ಕೂತಿದ್ದರು.

ಪತ್ರದಲ್ಲಿ ಇದ್ದದ್ದು ಇಷ್ಟು. ಕಾಯಿಲೆ: ಪ್ರೈಮರಿ ಹೈಪರ್‌ಟೆನ್ಷನ್, ಅಂದರೆ ಬಿ.ಪಿ. ಪ್ರಮಾಣ: ಶೇ 30, ಜೀವನಪರ್ಯಂತ. ಈ ಕಾಯಿಲೆ ಸೇನಾ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಹಾಗಾಗಿ ಪಿಂಚಣಿಯ ಡಿಸೆಬಿಲಿಟಿ (ವೈಕಲ್ಯ) ಭಾಗ ಸಿಗುವುದಿಲ್ಲ. ಈ ‘ಅದೂ ಅಲ್ಲ ಇದೂ ಅಲ್ಲ’ಕ್ಕೆ ಇಂಗ್ಲಿಷಿನ ನಾಲ್ಕು ಮೊದಲಕ್ಷರ ಸೇರಿಸಿ ಜವಾನರು ‘ನಾನಾ’ ಅಂತಾರೆ. ಹಿಂದಿಯಲ್ಲಿ ನಾನಾ ಅಂದರೆ ತಾಯಿಯ ಅಪ್ಪ. ‘ನನ್ನ ಪೇಪರಿಗೆ ನಾನಾ ಬಂದು ಕೂತ’ ಅನ್ನೋದು ಬ್ಯಾರಕ್ಕಿನ ಹಳೇ ಜೋಕು.

ಡಿಸೆಬಿಲಿಟಿ ಪೆನ್ಷನ್‌ಗೆ ಎರಡು ಬಾಗಿಲು ದಾಟಬೇಕು. ವೈಕಲ್ಯ ಶೇ 20 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಅದಕ್ಕೂ ಸೇವೆಗೂ ಸಂಬಂಧ ಇರಬೇಕು: ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ನಮ್ಮ ಹವಾಲ್ದಾರರು ಮೊದಲ ಬಾಗಿಲನ್ನು ಆರಾಮಾಗಿ ದಾಟಿದ್ದರು. ತಡೆದದ್ದು ಎರಡನೆಯದು.

ಇಲ್ಲಿ ಒಂದು ಮಾತು. ಬಿ.ಪಿ.ಗೂ ಪೆನ್ಷನ್ನಾ, ಊರಲ್ಲಿ ಯಾರಿಗಿಲ್ಲ ಬಿ.ಪಿ. ಅಂತ ಕೇಳುವವರಿದ್ದಾರೆ. ಕೇಳಲಿ, ತಪ್ಪೇನಿಲ್ಲ. ಎಲ್ಲರ ಬಿ.ಪಿ.ಗೂ ಕೊಡಿ ಅಂತ ನಾನೂ ಹೇಳಲ್ಲ. ಆದರೆ ಸೇನೆಯ ವೈದ್ಯರಿಗಾಗಿಯೇ ಮಾಡಿದ ಮಾರ್ಗದರ್ಶಿ ಪುಸ್ತಕವೊಂದಿದೆ. ಇವರ ಕಾಲಕ್ಕೆ ಜಾರಿಯಲ್ಲಿದ್ದ ಆವೃತ್ತಿಯ 43ನೇ ಪ್ಯಾರಾ ಹೈಪರ್‌ಟೆನ್ಷನ್ ಬಗ್ಗೆಯೇ ಇದೆ. ಫೀಲ್ಡ್ (ಗಡಿಯಂಥ ಕಠಿಣ ಜಾಗ), ಎತ್ತರದ ಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆ ಇಂಥ ಕಡೆ ಇರುವಾಗ ಕಾಣಿಸಿಕೊಂಡರೆ ಸೇವೆಯಿಂದ ಉಲ್ಬಣಿಸಿದ್ದು ಅಂತ ತಗೋಬೇಕು ಅನ್ನುತ್ತದೆ ಅದು. ಅಂಥ ಕಡೆ ಮೇಲಿಂದ ಮೇಲೆ, ತುಂಬಾ ದಿನ ಇದ್ದು ಬಂದ ಮೇಲೆ ಕಾಯಿಲೆ ಕಾಣಿಸಿಕೊಳ್ಳುವುದೂ ಉಂಟು, ಒಬ್ಬೊಬ್ಬರ ಮೈ ಒಂದೊಂದು ಥರ ಅನ್ನುವುದನ್ನೂ ಒಪ್ಪುತ್ತದೆ. ಅಂದರೆ ಪ್ರಶ್ನೆ ಬಿ.ಪಿ. ಇದೆಯಾ ಅನ್ನೋದಲ್ಲ. ಆ ಮನುಷ್ಯ ಆಗ ಎಲ್ಲಿದ್ದ ಅನ್ನೋದು.

‘ನೀವು ಎಲ್ಲಿದ್ರಿ?’ ಅಂತ ಕೇಳಿದೆ.

‘ಸಿಕ್ಕಿಂ ಮ್ಯಾಲೆ ಇದ್ದೆ ನೋಡ್ರಿ. ತಲಿ ಅಲ್ಲೇ ಸಿಡೀತಿತ್ತು. ಕೆಳಗ ಬಂದ ಮ್ಯಾಲೆ ಚೆಕಪ್‌ದಾಗ ಸಿಕ್ತು.’

ಅವರು ಮಾಡಿದ್ದ ಮೊದಲ ಅಪೀಲಿನ ಪ್ರತಿ ಕವರಿನಲ್ಲೇ ಇತ್ತು. ನಿರಾಕರಣೆ ಪತ್ರ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಆರು ತಿಂಗಳೊಳಗೆ ಮೊದಲ ಅಪೀಲು ಹಾಕಬೇಕು. ಆ ಗಡುವನ್ನು ಇವರು ತಪ್ಪಿಸಿರಲಿಲ್ಲ, ಅದೊಂದು ಪುಣ್ಯ. ಆದರೆ ಬರೆಸಿದ್ದು ಟೈಪಿಂಗ್ ಅಂಗಡಿಯಲ್ಲಿ. ಮೂರು ಪುಟ. ಇಬ್ಬರು ಹೆಣ್ಣುಮಕ್ಕಳು, ಸೋರುವ ಮನೆ, ಸೊಸೈಟಿ ಸಾಲ, ದೇಶಸೇವೆ, ಕೊನೆಗೆ ‘ತಮ್ಮ ಪಾದಗಳಿಗೆ ನಮಸ್ಕರಿಸಿ’. ಸಿಕ್ಕಿಂ ಅನ್ನುವ ಶಬ್ದ ಮೂರು ಪುಟದಲ್ಲಿ ಒಂದೇ ಒಂದು ಸಲವೂ ಇಲ್ಲ. ಓದುವಾಗ ನನಗೆ ಸಿಟ್ಟು ಬಂತು. ಬರೆದವನ ಮೇಲೂ ಅಲ್ಲ, ಬರೆಸಿದವರ ಮೇಲೂ ಅಲ್ಲ. ಕರುಣೆ ತೋರಿಸುವ ಅಧಿಕಾರ ಅಪೀಲು ಕಮಿಟಿಗೆ ಇಲ್ಲ ಅಂತ ಇವರಿಗೆ ಒಬ್ಬರಾದರೂ ಹೇಳಬೇಕಿತ್ತಲ್ವಾ? ಅಲ್ಲಿ ಕೂತವರು ನೋಡುವುದು ಕಾಯಿಲೆ, ದಿನಾಂಕ, ಜಾಗ. ಒಂದು ವರ್ಷದ ಮೇಲೆ, 2020ರಲ್ಲಿ, ಮೆಡಿಕಲ್ ಬೋರ್ಡಿನ ಅಭಿಪ್ರಾಯ ಬದಲಾಯಿಸಲು ಕಾರಣ ಕಾಣುತ್ತಿಲ್ಲ ಅಂತ ಉತ್ತರ ಬಂತು. ಅದು ಕವರಿಗೆ ಹೋಯಿತು, ಕವರು ಟ್ರಂಕಿಗೆ ಹೋಯಿತು.

ನಾನು ಯಾರಿಗೇ ಆದರೂ ಮೊದಲು ಹೇಳುವುದು ಇದನ್ನೇ. ನಿರಾಕರಣೆ ಪತ್ರದ ಜೊತೆ ಜಗಳ ಆಡಬೇಡಿ. ಅದು ಬರೀ ಪೋಸ್ಟ್‌ಮ್ಯಾನ್. ತೀರ್ಮಾನ ಆಗಿರುವುದು ಅದರ ಹಿಂದಿನ ಕಾಗದದಲ್ಲಿ: ಬಿಡುಗಡೆಗೆ ಮುಂಚೆ ಕೂರುವ ಮೆಡಿಕಲ್ ಬೋರ್ಡಿನ ವರದಿ, ಎಎಫ್‌ಎಂಎಸ್‌ಎಫ್-16 ಅನ್ನುವ ಫಾರಂ. ಅದು ಕೈಗೆ ಬರುವವರೆಗೆ ಪೆನ್ನು ಮುಚ್ಚಿಟ್ಟಿರಿ.

ಅದು ಇವರ ಹತ್ತಿರ ಇರಲಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿದೆವು. ಬೋರ್ಡಿನ ಪೂರ್ತಿ ವರದಿ, ಸೇರುವಾಗ ಆದ ವೈದ್ಯಕೀಯ ಪರೀಕ್ಷೆಯ ಪ್ರತಿ, 2008ರಿಂದ 2013ರವರೆಗಿನ ಪಾರ್ಟ್ ಟು ಆರ್ಡರುಗಳು (ಪೋಸ್ಟಿಂಗ್, ರಜೆ, ಭತ್ಯೆ ದಾಖಲಿಸುವ ಆದೇಶಗಳು), ಆ ಯೂನಿಟ್ಟಿನ ಎಂಐ ರೂಮಿನ (ಚಿಕಿತ್ಸಾ ಕೊಠಡಿ) ರಿಜಿಸ್ಟರ್ ಕೇಳಿದೆವು. 34ನೇ ದಿನ ದಪ್ಪ ಲಕೋಟೆ ಬಂತು. ಎಂಐ ರೂಮಿನ ರಿಜಿಸ್ಟರ್ ಅವಧಿ ಮುಗಿದು ನಾಶವಾಗಿದೆ ಅಂತ ಒಂದು ಸಾಲು. ಅಂದರೆ ಸಿಕ್ಕಿಂನಲ್ಲಿ ತಲೆ ಸಿಡಿದದ್ದಕ್ಕೆ ಕಾಗದದಲ್ಲಿ ಸಾಕ್ಷಿ ಇಲ್ಲ. ಉಳಿದದ್ದೆಲ್ಲ ಇತ್ತು.

ಫಾರಂನ ಮೊದಲ ಭಾಗದಲ್ಲಿ ಒಂದು ಪಟ್ಟಿ ಇರುತ್ತದೆ. ಸೈನಿಕ ಯಾವಾಗಿಂದ ಯಾವಾಗಿನವರೆಗೆ ಎಲ್ಲಿದ್ದ, ಅದು ಪೀಸಾ (ಶಾಂತ ಪ್ರದೇಶದ ಠಾಣೆ) ಫೀಲ್ಡಾ. ಪೀಸಿಗೆ ‘ಪಿ’, ಫೀಲ್ಡಿಗೆ ‘ಎಫ್’. ಇವರ ಪಟ್ಟಿಯಲ್ಲಿ ಐದನೇ ಸಾಲು: ಫೆಬ್ರುವರಿ 2008ರಿಂದ ಅಕ್ಟೋಬರ್ 2010, ಒಂದು ದೊಡ್ಡ ಊರಿನ ಹೆಸರು, ಪಿ. ಅದರ ಕೆಳಗೆ ಆರನೇ ಸಾಲು: ನವೆಂಬರ್ 2010ರಿಂದ ನವೆಂಬರ್ 2012, ಕೇರ್ ಆಫ್ 99 ಎಪಿಓ, ಅಂದರೆ ಜಾಗದ ಹೆಸರಿಲ್ಲದ ಸೇನಾ ಅಂಚೆ ವಿಳಾಸ. ಮುಂದಿನ ಕಾಲಮ್ಮಿನಲ್ಲಿ ಎರಡು ಅಡ್ಡಗೆರೆ, ನಡುವೆ ‘ಡು’. ಡಿಟ್ಟೋ. ಮೇಲಿನಂತೆಯೇ ಅಂತ. ಮೇಲೆ ಇದ್ದದ್ದು ಪಿ.

ಏಳನೇ ಸಾಲು ಕೆಳಗೆ ಬಂದ ಮೇಲಿನ ಠಾಣೆ, ಅದೂ ಪಿ. ಹಾಗಾಗಿ ಬೋರ್ಡಿನ ಕಣ್ಣಿಗೆ ಈ ಮನುಷ್ಯ 2008ರಿಂದ ಕಾಯಿಲೆ ಪತ್ತೆಯಾದ 2013ರವರೆಗೆ ಬಿಡದೆ ಪೀಸ್ ಸ್ಟೇಷನ್ನಿನಲ್ಲೇ ಇದ್ದ. ಐದು ವರ್ಷ. ಎಪಿಓ ವಿಳಾಸ ನೋಡಿ ಡಾಕ್ಟರು ತಿಳ್ಕೋಬೇಕಿತ್ತು ಅನ್ನುವಂತಿಲ್ಲ, ಎಷ್ಟೋ ಪೀಸ್ ಸ್ಟೇಷನ್ನುಗಳಿಗೂ ಎಪಿಓ ವಿಳಾಸವೇ ಇರುತ್ತದೆ. ಕೊನೆಯ ಭಾಗದಲ್ಲಿ ಅವರು ಬರೆದ ಕಾರಣವನ್ನು ಈಗ ಓದಿದರೆ ಅರ್ಥವಾಗುತ್ತದೆ: ಕಾಯಿಲೆ ಪೀಸ್ ಸ್ಟೇಷನ್ನಿನಲ್ಲಿ ಶುರುವಾಗಿದೆ, ಫೀಲ್ಡ್ ಅಥವಾ ಎತ್ತರದ ಪ್ರದೇಶದ ಸೇವೆಯ ಒತ್ತಡಕ್ಕೂ ಇದಕ್ಕೂ ಕಾಲದ ಹತ್ತಿರದ ನಂಟಿಲ್ಲ. ಕೊಟ್ಟ ಪಟ್ಟಿಗೆ ಅದು ಸರಿಯಾದ ಉತ್ತರವೇ. ಪಟ್ಟಿಯೇ ತಪ್ಪು.

ಪಟ್ಟಿಯ ಕೆಳಗೆ ಹವಾಲ್ದಾರರ ಸಹಿ ಇದೆ. ‘ಓದಿ ಸಹಿ ಮಾಡಿದ್ರಾ?’ ಅಂದೆ. ‘ಬಾಬು ಇಲ್ಲಿ ಮಾಡು ಅಂದ್ರು, ಮಾಡ್ದೆ’ ಅಂದರು.

ಬಾಬು ಅಂದರೆ ಕ್ಲರ್ಕು. ಅಂದರೆ ನನ್ನಂಥವನು. ಒಂದು ಬ್ಯಾಚು ಬಿಡುಗಡೆಗೆ ಹೊರಟಾಗ ಮೇಜಿನ ಮೇಲೆ ಇಂಥ 20 ಫಾರಂ ಇರುತ್ತವೆ, ಸಂಜೆಯೊಳಗೆ ಮುಗಿಸಬೇಕು. ಕೈ ತನ್ನಷ್ಟಕ್ಕೆ ಡಿಟ್ಟೋ ಹಾಕುತ್ತಾ ಹೋಗುತ್ತದೆ. ನಾನೂ ಹಾಕಿದ್ದೇನೆ. ಯಾರ ಫಾರಂನಲ್ಲಿ, ಯಾವ ಸಾಲಿನಲ್ಲಿ ಅಂತ ನೆನಪಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಸರಿ, ಅವರು ಎತ್ತರದಲ್ಲಿ ಇದ್ದರು ಅಂತ ತೋರಿಸುವುದು ಹೇಗೆ? ಡಿಸ್ಚಾರ್ಜ್ ಬುಕ್ಕಿನ ಪದಕದ ಪಟ್ಟಿಯಲ್ಲಿ ಹೈ ಆಲ್ಟಿಟ್ಯೂಡ್ ಮೆಡಲ್ ಇತ್ತು. 9,000 ಅಡಿಗಿಂತ ಮೇಲೆ ಒಟ್ಟು 180 ದಿನ ಇದ್ದವರಿಗೆ ಕೊಡುವ ಪದಕ. ಆದರೆ ಯಾವ ಪೋಸ್ಟಿಂಗಿಗೆ ಬಂದದ್ದು ಅಂತ ಅದರಲ್ಲಿ ಇರುವುದಿಲ್ಲ. ತಾರೀಖು ಬೇಕಿತ್ತು.

ತಾರೀಖು ಸಿಕ್ಕಿದ್ದು ದುಡ್ಡಿನ ಕಾಗದದಲ್ಲಿ. ಎತ್ತರಕ್ಕೆ ಹೋದವರಿಗೆ ಹೈ ಆಲ್ಟಿಟ್ಯೂಡ್ ಭತ್ಯೆ ಸಿಗುತ್ತದೆ. ಹತ್ತಿದ ದಿನದಿಂದ ಶುರು, ಇಳಿದ ದಿನ ಬಂದ್, ಎರಡಕ್ಕೂ ಪಾರ್ಟ್ ಟು ಆರ್ಡರ್ ಹೊರಡಬೇಕು. ಸೇನೆಯಲ್ಲಿ ಬೇರೆ ಯಾವ ಕಾಗದ ತಪ್ಪಿದರೂ ಇದು ತಪ್ಪುವುದು ಕಡಿಮೆ, ಯಾಕೆಂದರೆ ಒಂದು ದಿನ ಜಾಸ್ತಿ ಕೊಟ್ಟರೆ ಆಡಿಟ್‌ನವರು ಬಿಡುವುದಿಲ್ಲ. ಇವರ ಭತ್ಯೆ ನಿಂತದ್ದು 2012ರ ನವೆಂಬರ್ 22ಕ್ಕೆ. ಮಿಲಿಟರಿ ಆಸ್ಪತ್ರೆಯಲ್ಲಿ ಬಿ.ಪಿ. ದಾಖಲಾದದ್ದು 2013ರ ಫೆಬ್ರುವರಿ 11. ಬೆರಳು ಮಡಚಿ ಎಣಿಸಿದೆವು. 81 ದಿನ. ಅದರಲ್ಲಿ 28 ದಿನ ಊರಿಗೆ ರಜೆಗೆ ಬಂದಿದ್ದರು.

ಐದು ವರ್ಷ ಅಂತ ಕಂಡದ್ದು ನಿಜದಲ್ಲಿ 81 ದಿನ.

ಇಷ್ಟರಲ್ಲಿ ಯಾರೋ ಅವರಿಗೆ ಹೇಳಿದ್ದರು: ಇಷ್ಟೆಲ್ಲ ಯಾಕೆ, ಧರಂವೀರ್ ಸಿಂಗ್ ಕೇಸು ಒಂದು ಹಾಕಿದರೆ ಸಾಕು, ಎಲ್ಲರಿಗೂ ಸಿಗುತ್ತೆ. ಮಾತು ಪೂರ್ತಿ ಸುಳ್ಳಲ್ಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆ ತೀರ್ಪು ಮಾಜಿ ಸೈನಿಕರಿಗೆ ದೊಡ್ಡ ಆಸರೆ. ಧರಂವೀರ್ ಸಿಗ್ನಲ್ಸ್‌ನ (ಸೇನೆಯ ಸಂಪರ್ಕ ವಿಭಾಗ) ಸಿಪಾಯಿ, ಮೂರ್ಛೆ ರೋಗ, ಶೇ 20. ಸೇರುವಾಗ ಕಾಯಿಲೆ ಇತ್ತು ಅಂತ ದಾಖಲಾಗಿಲ್ಲದಿದ್ದರೆ ಆಮೇಲೆ ಬಂದದ್ದು ಸೇವೆಯಿಂದ ಅಂತಲೇ ತಿಳಿಯಬೇಕು, ಅಲ್ಲ ಅನ್ನುವುದಾದರೆ ಬೋರ್ಡು ಕಾರಣ ಕೊಡಬೇಕು, ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ ಅಂತ ಕೋರ್ಟು ಹೇಳಿತು. ಆದರೆ ಕೋರ್ಟು ಓದಿದ್ದು 1982ರ ನಿಯಮಗಳನ್ನು. 2008ರಲ್ಲಿ ಹೊಸ ನಿಯಮ ಬಂದು ಮಾತಿನ ಧಾಟಿ ಬದಲಾಗಿದೆ. ನಮ್ಮವರ ಕಾಯಿಲೆ ಪತ್ತೆಯಾದದ್ದು 2013ರಲ್ಲಿ. ಎದುರು ಪಕ್ಷದ ವಕೀಲರು ಅದನ್ನು ಎತ್ತಿಯೇ ಎತ್ತುತ್ತಾರೆ. ತೀರ್ಪನ್ನೂ ಹೇಳೋಣ, ಆದರೆ ಮುಂದೆ ಇಡುವುದು 81 ದಿನವನ್ನು ಅಂತ ನಾನು ಹಟ ಹಿಡಿದೆ. ದೊಡ್ಡ ತೀರ್ಪಿನ ಹೆಸರು ಹೇಳಿ ಸ್ವಂತ ಕಾಗದ ನೋಡದೆ ಹೋದವರು ವಾಪಸ್ ಬಂದದ್ದನ್ನು ಕಂಡಿದ್ದೇನೆ.

2022ರ ಅಕ್ಟೋಬರ್‌ನಲ್ಲಿ ಎರಡನೇ ಅಪೀಲು ಕಳಿಸಿದೆವು. ಎರಡೇ ಪುಟ. ಡಿಟ್ಟೋ ಇರುವ ಪುಟದ ಪ್ರತಿ, ಅದರ ಪಕ್ಕಕ್ಕೆ ಭತ್ಯೆಯ ಆರ್ಡರ್, 43ನೇ ಪ್ಯಾರಾ. ತಡವಾದದ್ದಕ್ಕೆ ಕಾರಣ: ಬೋರ್ಡಿನ ವರದಿ ಕೈಗೆ ಸಿಕ್ಕಿದ್ದೇ ಈ ವರ್ಷ. ಹೆಣ್ಣುಮಕ್ಕಳ ಮದುವೆ ಇಲ್ಲ, ಪಾದಕ್ಕೆ ನಮಸ್ಕಾರ ಇಲ್ಲ. ಹವಾಲ್ದಾರರಿಗೆ ಅದು ಅಷ್ಟು ಇಷ್ಟ ಆಗಲಿಲ್ಲ. ‘ಭಾಳ ಒಣಾ ಒಣಾ ಅನಸ್ತದ್ರಿ’ ಅಂದರು. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಪ್ರತಿಗಳನ್ನು ದೃಢೀಕರಿಸಿ, ಒಂದು ಕವರಿಂಗ್ ಲೆಟರ್ ಹಾಕಿಕೊಟ್ಟರು. ಅಲ್ಲಿನವರು ಚಹಾ ಕುಡಿಸಿಯೇ ಕಳಿಸಿದರು, ಅದನ್ನೂ ಬರೆಯಬೇಕಲ್ಲ.

ಆರು ತಿಂಗಳಾದರೂ ಉತ್ತರ ಬರಲಿಲ್ಲ. ಹಾಗಾದಾಗ ಕಾಯುತ್ತಾ ಕೂರಬೇಕಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ನೇರ ಹೋಗಬಹುದು. 2007ರ ಕಾಯ್ದೆಯಿಂದ ಬಂದ ಮಂಡಳಿ ಅದು, ಕರ್ನಾಟಕದವರ ಅರ್ಜಿ ಕೊಚ್ಚಿ ಪೀಠಕ್ಕೆ ಸೇರುತ್ತದೆ. ವಕೀಲರನ್ನು ಹುಡುಕುವಾಗ ಮೊದಲು ಸಿಕ್ಕವರು ‘ಈಗ ಏನೂ ಕೊಡಬೇಡಿ, ಅರಿಯರ್ಸ್ ಬಂದಾಗ ಅದರಲ್ಲಿ ಶೇ 30 ಕೊಡಿ’ ಅಂದರು. ಕೇಳಲು ಚೆಂದ. ಆದರೆ ಗೆದ್ದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪುವುದಿಲ್ಲ. ನಿಂತ ಫೀಸು ಇಷ್ಟು ಅಂತ ಕಾಗದದಲ್ಲಿ ಬರೆದುಕೊಟ್ಟ ಇನ್ನೊಬ್ಬರನ್ನು ಹಿಡಿದೆವು. 2023ರ ಆಗಸ್ಟ್‌ನಲ್ಲಿ ಅರ್ಜಿ, ಜೊತೆಗೆ ತಡವನ್ನು ಮನ್ನಿಸಿ ಅಂತ ಇನ್ನೊಂದು ಅರ್ಜಿ.

ಎದುರು ಪಕ್ಷದ ವಾದ ನಾವು ಅಂದುಕೊಂಡಂತೆಯೇ ಬಂತು: ಶುರುವಾದದ್ದು ಪೀಸ್ ಸ್ಟೇಷನ್ನಿನಲ್ಲಿ, ಇದು ಜೀವನಶೈಲಿಯ ಕಾಯಿಲೆ, ಬೋರ್ಡು ತಜ್ಞರದು. ನಮ್ಮ ವಕೀಲರು ಜಾಸ್ತಿ ಮಾತಾಡಲಿಲ್ಲವಂತೆ. ಎರಡು ಪುಟ ಅಕ್ಕಪಕ್ಕ ಇಟ್ಟು ಆರನೇ ಸಾಲು ತೋರಿಸಿದರಂತೆ. ನಾನು ಹೋಗಿರಲಿಲ್ಲ, ಹವಾಲ್ದಾರರು ಹೋಗಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಅವರಿಗೆ ನೆನಪಿರುವುದು ಒಂದೇ. ಪೀಠದಲ್ಲಿ ಕೂತಿದ್ದ ಒಬ್ಬರು ಕನ್ನಡಕ ಮೇಲೆತ್ತಿ ಕಾಗದವನ್ನು ಕಣ್ಣಿನ ಹತ್ತಿರ ತಗೊಂಡು ನೋಡಿದ್ದು.

2024ರ ನವೆಂಬರ್‌ನಲ್ಲಿ ಆದೇಶ ಬಂತು. ಕಾಯಿಲೆ ಸೇವೆಯಿಂದ ಉಲ್ಬಣಿಸಿದೆ. ಶೇ 30 ಇದ್ದದ್ದನ್ನು ಶೇ 50 ಅಂತ ಲೆಕ್ಕ ಹಿಡಿಯಬೇಕು, ಜೀವನಪರ್ಯಂತ. ನಾಲ್ಕು ತಿಂಗಳೊಳಗೆ ಕೊಡಬೇಕು, ತಪ್ಪಿದರೆ ಶೇ 8 ಬಡ್ಡಿ.

ಮೂವತ್ತು ಐವತ್ತಾದದ್ದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರ ಒಳಗಿದ್ದರೆ 75, ಅದರ ಮೇಲೆ 100 ಅಂತ ಒಂದು ಪದ್ಧತಿ ಇದೆ. ಮೊದಲು ಇದನ್ನು ಕಾಯಿಲೆಯಿಂದ ಅರ್ಧಕ್ಕೆ ಮನೆಗೆ ಕಳಿಸಿದವರಿಗೆ ಮಾತ್ರ ಕೊಡುತ್ತಿದ್ದರು. ಅವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕು ಅಂತ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಹೇಳಿತು.

ದುಡ್ಡಿನ ಲೆಕ್ಕ ಹೀಗೆ. ಕೊನೆಯ ಮೂಲ ವೇತನ 39,200, ಮಿಲಿಟರಿ ಸರ್ವಿಸ್ ಪೇ 5,200, ಒಟ್ಟು 44,400. ಪೂರ್ತಿ ನೂರು ಶೇಕಡಾ ವೈಕಲ್ಯಕ್ಕೆ ಇದರ ಶೇ 30, ಅಂದರೆ 13,320. ಇವರಿಗೆ ಅದರ ಅರ್ಧ, ತಿಂಗಳಿಗೆ 6,660 ರೂಪಾಯಿ. ತುಟ್ಟಿಭತ್ಯೆ ಬೇರೆ. ಇದು ಮಾಮೂಲಿ ಪೆನ್ಷನ್ ಮೇಲೆ ಹೆಚ್ಚಿಗೆ ಬರುವುದು.

ಇನ್ನು ಕಳೆದುಕೊಂಡದ್ದು. ತಡವಾಗಿ ಬಂದವರಿಗೆ ಆಗ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ ಬಾಕಿ ಮಾತ್ರ ಕೊಡುತ್ತಿದ್ದರು. ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಗೆರೆ ಇದು. ಹಾಗಾಗಿ ಇವರಿಗೆ ಬಾಕಿ ಸಿಕ್ಕಿದ್ದು 2020ರ ಆಗಸ್ಟ್‌ನಿಂದ. ಬಿಡುಗಡೆ ಆದದ್ದು 2018ರ ಆಗಸ್ಟ್ 31ಕ್ಕೆ. ನಡುವಿನ 23 ತಿಂಗಳು ಹೋಯಿತು. ತುಟ್ಟಿಭತ್ಯೆ ಬಿಟ್ಟೇ 1,53,180 ರೂಪಾಯಿ. ಕವರು ಟ್ರಂಕಿನಲ್ಲಿ ಕೂತದ್ದರ ಬಾಡಿಗೆ ಅಂತ ಅವರ ಹೆಂಡತಿ ನಗುತ್ತಾ ಹೇಳಿದರು. ಹವಾಲ್ದಾರರು ನಗಲಿಲ್ಲ.

ಈಗ ನಿವೃತ್ತರಾಗುತ್ತಿರುವವರು ಈ ಲೆಕ್ಕವನ್ನು ಹಾಗೇ ತಮಗೆ ಹಚ್ಚಿಕೊಳ್ಳಬೇಡಿ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಯಲ್ಲಿದೆ, ‘ಇಂಪೇರ್‌ಮೆಂಟ್ ರಿಲೀಫ್’ ಅನ್ನುವ ಹೊಸ ಹೆಸರೂ ಬಂದಿದೆ. ಆದರೆ ಯಾವಾಗ, ಎಲ್ಲಿ ಅನ್ನುವ ಪಟ್ಟಿಯ ತೂಕ ಅಲ್ಲೂ ಕಡಿಮೆಯಾಗಿಲ್ಲ. ಬೋರ್ಡಿಗೆ ಹೋಗುವ ಮುಂಚೆ ಆ ಪುಟವನ್ನು ಸಾಲು ಸಾಲಾಗಿ ಓದಿ. ಬಾಬು ಅವಸರ ಮಾಡಿದರೆ ಮಾಡಲಿ.

ಹೊಸ ಪಿಪಿಓ ಕಳೆದ ವರ್ಷ ಬಂತು. ಪ್ರಿಂಟ್ ತೆಗೆಸಿಕೊಂಡು ನನ್ನ ಹತ್ತಿರ ತಂದರು. ‘ಓದಿ ಹೇಳ್ರಿ ಸಾಬ್’ ಅಂದರು. ನಾನು ಕನ್ನಡಕ ಹಾಕಿಕೊಳ್ಳಲೇ ಇಲ್ಲ. ‘ನೀವೇ ಓದ್ರಿ’ ಅಂದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ನಂಬರು, ರ‍್ಯಾಂಕು, ಹೆಸರು. ಅರ್ಧ ಗಂಟೆ ಹಿಡಿಯಿತು. ಎರಡನೇ ಪುಟದಲ್ಲಿ ಬೆರಳು ನಿಂತಿತು.

‘ಸಾಬ್, ನಮ್ಮ ಮನಿಯಾಕಿ ಹುಟ್ಟಿದ ತಾರೀಖು ತಪ್ಪೈತ್ರಿ ಇಲ್ಲಿ.’

ನೋಡಿದೆ. ಹೌದು, ತಿಂಗಳು ತಪ್ಪಿತ್ತು. ನಾಳೆ ಇವರಿಗೆ ಏನಾದರೂ ಆದರೆ ಫ್ಯಾಮಿಲಿ ಪೆನ್ಷನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸೋಮವಾರ ಆಧಾರ್ ಕಾರ್ಡು, ಡಿಸ್ಚಾರ್ಜ್ ಬುಕ್ಕು ಎರಡನ್ನೂ ತಗೊಂಡು ಬನ್ನಿ ಅಂದೆ.